ತಳ್ಳುಗಾಡಿಯ ಪಂಚಾಂಗ

ಮಲೆ ಮಹದೇಶ್ವರ ಬೆಟ್ಟಕ್ಕೋ ಭರಚುಕ್ಕಿಗೋ ಹೊರಟ ಬೆಂಗಳೂರಿನ ತಿಂಡಿಪೋತರು ಕೇಳುವ ಪ್ರಶ್ನೆ ಒಂದೇ: 'ಕೊಳ್ಳೇಗಾಲದಲ್ಲಿ ಎಲ್ಲಿ ತಿನ್ನೋದು?' ಅವರ ಫೋನಿನಲ್ಲಿ ಪ್ರತಿ ಊರಿಗೂ ಒಂದು ಪಟ್ಟಿ ಇರುತ್ತದೆ. ಈ ಊರಿಗೆ ಅಂಥ ಪಟ್ಟಿ ಮಾಡಿಕೊಡುವುದು ಕಷ್ಟ. ಇಲ್ಲಿನ ಒಳ್ಳೆಯ ಗಾಡಿಗಳಿಗೆ ಬೋರ್ಡಿಲ್ಲ, ಎಷ್ಟೋ ಗಾಡಿಗಳಿಗೆ ಹೆಸರೂ ಇಲ್ಲ. ಬೆಳಿಗ್ಗೆ ಇಡ್ಲಿ ಬೆಂದ ಜಾಗದಲ್ಲಿ ಮಧ್ಯಾಹ್ನ ಕಲ್ಲಂಗಡಿ ಕೊಯ್ಯುತ್ತಿರುತ್ತಾರೆ, ಸಂಜೆ ಅಲ್ಲೇ ಬೋಂಡದ ಬಾಣಲೆ ಏರಿರುತ್ತದೆ. ಹಾಗಾಗಿ ನಾನು ತಿರುಗಿ ಕೇಳುತ್ತೇನೆ: ಎಷ್ಟು ಹೊತ್ತಿಗೆ ಬರುತ್ತೀರಿ? ಬೇಸಿಗೆಯೋ, ಮಾಗಿಯೋ? ಅಮಾವಾಸ್ಯೆ ಯಾವತ್ತು?

ಬೆಳಗಿನಿಂದ ಶುರು ಮಾಡೋಣ. ಕೊಳ್ಳೇಗಾಲ ಬೆಂಗಳೂರು–ಕೊಯಮತ್ತೂರು ಹೆದ್ದಾರಿಯ ಮೇಲಿನ ಊರು. ಬೆಟ್ಟಕ್ಕೆ ಹೋಗುವವರಿಗೆ ಬಸ್ಸು ಬದಲಿಸುವ ತಾಣ. ನಸುಕಿನಲ್ಲಿ ಬಸ್ ನಿಲ್ದಾಣದ ಸುತ್ತ ಏಳುವ ಇಡ್ಲಿಯ ಹಬೆ ಈ ಪ್ರಯಾಣಿಕರಿಗಾಗಿಯೇ. ಇಡ್ಲಿ ಬಟ್ಟೆಯ ಮೇಲೆ ಬೆಂದಿರಬೇಕು. ಎಣ್ಣೆ ಸವರಿದ ತಟ್ಟೆಯಲ್ಲಿ ಬೆಂದದ್ದಕ್ಕೆ ತಳ ಗಟ್ಟಿ, ಬಟ್ಟೆಯಿಂದ ಬಿಡಿಸಿದ್ದಕ್ಕೆ ಮೈಯೆಲ್ಲ ಮೆತ್ತಗೆ. ಚಟ್ನಿ ತೆಳ್ಳಗೆ, ಹುರಿಗಡಲೆ ಮುಂದು, ತೆಂಗಿನಕಾಯಿ ಹಿಂದು. ಇದರಲ್ಲಿ ಜಿಪುಣತನದ ಜೊತೆ ಜಾಣತನವೂ ಇದೆ. ಕಾಯಿ ಹೆಚ್ಚಾದ ಚಟ್ನಿ ಬಿಸಿಲೇರುವ ಮೊದಲೇ ಹುಳಿಯತೊಡಗುತ್ತದೆ, ಹುರಿಗಡಲೆ ಇನ್ನಷ್ಟು ಹೊತ್ತು ತಡೆಯುತ್ತದೆ. ಆದರೂ ಒಂಬತ್ತರ ಮೇಲೆ ಬೀದಿ ಚಟ್ನಿಯನ್ನು ನಾನು ಮುಟ್ಟುವುದಿಲ್ಲ. 'ವಸಿ ತಡೀರಿ, ಇನ್ನೂ ಬೆಂದಿಲ್ಲ ಕನಾ' ಎಂದು ಗಿರಾಕಿಯನ್ನು ನಿಲ್ಲಿಸುವ ಗಾಡಿಯನ್ನು ಕಣ್ಣು ಮುಚ್ಚಿ ನಂಬಬಹುದು.

ಇದೇ ಊರಿಗೆ ಬೆಳಗಿನ ಇನ್ನೊಂದು ಗಡಿಯಾರವೂ ಉಂಟು, ಸರ್ಕಾರಿ ರೇಷ್ಮೆಗೂಡಿನ ಮಾರುಕಟ್ಟೆ. ಗೂಡು ಕಾಯುವ ಸರಕಲ್ಲ. ಒಳಗಿನ ಕೋಶ ಹತ್ತು ಹನ್ನೆರಡು ದಿನದಲ್ಲಿ ಚಿಟ್ಟೆಯಾಗಿ ಗೂಡು ತೂತು ಮಾಡಿತೆಂದರೆ ಉದ್ದನೆಯ ಎಳೆ ಹೋಯಿತು, ಬೆಲೆಯೂ ಹೋಯಿತು. ಅದಕ್ಕೇ ರೈತನಿಗೂ ರೀಲರ್‌ಗೂ ಅವಸರ. ಗೂಡು ತಂದ ರೈತ ಹರಾಜು ಮುಗಿಯುವವರೆಗೆ ಕುರ್ಚಿ ಎಳೆದು ಕೂತು ಉಣ್ಣಲಾರ. ಅವನಿಗೆ ಬೇಕಾದದ್ದು ನಿಂತೇ ಮುಗಿಸಬಹುದಾದ ಚಿತ್ರಾನ್ನ, ಒಂದು ವಡೆ, ಅರ್ಧ ಲೋಟ ಚಾ. ವ್ಯಾಪಾರ ಕುದುರಿದ ಮೇಲೆ ಮಾತ್ರ ಎಲೆಯ ಮುಂದೆ ಕೂರುತ್ತಾನೆ. ಆಗ ಮುದ್ದೆ, ಉಪ್ಸಾರು, ಅದರ ಪಕ್ಕಕ್ಕೆ ಅರೆದ ಖಾರ. ರೇಷ್ಮೆ ಸೀರೆಗೆಂದು ಈ ಊರಿಗೆ ಬರುವವರು ಉಪ್ಸಾರು ಉಣ್ಣದೆ ಹೋದರೆ ಅರ್ಧ ಕೊಳ್ಳೇಗಾಲವನ್ನಷ್ಟೇ ಕಂಡಂತೆ.

ಹದಿನೈದು ಕಿಲೋಮೀಟರಿನಾಚೆ ಯಳಂದೂರು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಊರು, 'ಹದಿಬದೆಯ ಧರ್ಮ' ಬರೆದ ಸಂಚಿ ಹೊನ್ನಮ್ಮನ ಊರು. ಗೌರೇಶ್ವರ ದೇವಾಲಯದ ಬಳೆಮಂಟಪದಲ್ಲಿ ಕಲ್ಲಿನಲ್ಲೇ ಕಡೆದ ಬಳೆಯ ಸರಪಳಿ ನೋಡಲು ಜನ ಇಳಿಯುತ್ತಾರೆ; ಉಳಿದವರು ಬಿಳಿಗಿರಿರಂಗನ ಬೆಟ್ಟದ ದಾರಿ ಹಿಡಿಯುತ್ತಾರೆ. ಇಲ್ಲಿ ಗಂಟೆಗಿಂತ ಋತು ಮುಖ್ಯ. ಚಳಿಗಾಲದಲ್ಲಿ ಕಾಡಿನ ನೆಲ್ಲಿಕಾಯಿ. ಗುಂಡಗೆ ಹೊಳೆಯುವ ತೋಟದ ಹಣ್ಣಲ್ಲ, ಸಣ್ಣದು, ಒಗರು ಜಾಸ್ತಿ. ಉಪ್ಪು ಖಾರ ಹಚ್ಚಿ ಅಗಿದು ಮೇಲೆ ನೀರು ಕುಡಿದರೆ ನೀರೇ ಸಿಹಿ. ಈ ಕಾಯಿ, ಜೇನು, ಉಪ್ಪಿನಕಾಯಿಯ ಮಾಗಳಿ ಬೇರು ಎಲ್ಲವೂ ಸೋಲಿಗರ ಕಾಡಿನ ತಿಳಿವಳಿಕೆ. 2011ರಲ್ಲಿ ಈ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಅಂಥ ಹಕ್ಕು ದೇಶದಲ್ಲೇ ಮೊದಲು. ನೆಲ್ಲಿಕಾಯಿಗೆ ಚೌಕಾಸಿ ಮಾಡುವವರು ಇದನ್ನು ತಿಳಿದಿದ್ದರೆ ಒಳ್ಳೆಯದು.

ಹನೂರಿನ ದಾರಿಯಲ್ಲಿ ಗಾಡಿಯವರು ನೋಡುವುದು ನಿಜವಾದ ಪಂಚಾಂಗವನ್ನೇ. ಮಲೆ ಮಹದೇಶ್ವರನಿಗೆ, ಅಂದರೆ ಜನರ ಮಾದಪ್ಪನಿಗೆ, ಅಮಾವಾಸ್ಯೆ ಎಂದರೆ ಪ್ರೀತಿ. ತಿಂಗಳು ತಿಂಗಳೂ ಆ ದಿನ ಬೆಟ್ಟದಲ್ಲಿ ಜನಸಾಗರ. ದೊಡ್ಡ ಜಾತ್ರೆಗಳನ್ನು ಗಮನಿಸಿ: ಮಹಾಲಯ ಮತ್ತು ದೀಪಾವಳಿ ಅಮಾವಾಸ್ಯೆಗೇ ಬೀಳುತ್ತವೆ, ಶಿವರಾತ್ರಿ ಅದರ ಹಿಂದಿನ ರಾತ್ರಿ, ಯುಗಾದಿ ಅದರ ಮರುದಿನ. ಹನೂರು, ಕೌದಳ್ಳಿ, ತಾಳಬೆಟ್ಟಗಳಲ್ಲಿ ಎಷ್ಟು ಹಿಟ್ಟು ರುಬ್ಬಬೇಕೆಂಬುದನ್ನು ಆಕಾಶದ ಚಂದ್ರನೇ ನಿರ್ಧರಿಸುತ್ತಾನೆ. ಶಿವರಾತ್ರಿಗೆ ಪಾದಯಾತ್ರಿಗಳು 'ಉಘೇ ಮಾದಪ್ಪ' ಎನ್ನುತ್ತ ಸಾಲುಗಟ್ಟಿದಾಗ ದಾರಿಯುದ್ದಕ್ಕೂ ಅರವಟಿಗೆ: ಮಜ್ಜಿಗೆ, ಪಾನಕ, ಕಲ್ಲಂಗಡಿ, ಬಿಸಿಬೇಳೆ ಬಾತ್, ಎಲ್ಲ ಉಚಿತ. ದೂರದಿಂದ ನಡೆದು ಬಂದವರಿಗೆ ಅಲ್ಲಿನ ನೀರು ಮಜ್ಜಿಗೆಗೆ ಶುಂಠಿ, ಕರಿಬೇವು ಬಿದ್ದಿದ್ದರೆ ಅದನ್ನು ಮೀರಿಸುವ ಪಾನೀಯ ಇನ್ನೊಂದಿಲ್ಲ.

ಅಮಾವಾಸ್ಯೆ ಮಾದಪ್ಪನದಾದರೆ ಹುಣ್ಣಿಮೆ ಸಿದ್ದಪ್ಪಾಜಿಯದು. ಜನವರಿ ಹೊತ್ತಿನ ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಚಂದ್ರಮಂಡಲದ ಬೆಳಕಿನೊಂದಿಗೆ ಐದು ದಿನಗಳ ಜಾತ್ರೆ. ಬಿಡಾರ ಹೂಡಿದ ಒಕ್ಕಲುಗಳು ಮೂರು ಕಲ್ಲಿಟ್ಟು ಬಾಡೂಟ ಬೇಯಿಸಿ, ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುವ ಪಂಕ್ತಿಸೇವೆಯೇ ಅದರ ಜೀವ. ಪ್ರಾಣಿಬಲಿ ನಿಷೇಧದ ಹೆಸರಿನಲ್ಲಿ ಅಲ್ಲಿ ವರ್ಷವರ್ಷ ತಿಕ್ಕಾಟ ನಡೆದಿದೆ; ಇದು ಬಲಿಯಲ್ಲ, ಊಟ ಎಂಬುದು ಒಕ್ಕಲುಗಳ ವಾದ. ಆ ಮಸಾಲೆಯ ಘಮ ಮೂಗಿಗೆ ಬಡಿದವರು ಆ ವಾದವನ್ನು ಸುಲಭಕ್ಕೆ ತಳ್ಳಿಹಾಕಲಾರರು. ಹನೂರು ಸೀಮೆಯ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ನೆಲೆಸಿರುವ ಟಿಬೆಟನ್ನರ ಮೊಮೊ, ತುಕ್ಪಾಗಳೂ ಈ ನೆಲದ್ದೇ ಆಗಿಹೋಗಿವೆ. ಮೊಮೊಗೆ ಹೊಗೆಯಾಡುವ ಚಳಿಯ ಸಂಜೆಯೇ ಸರಿ.

ಸಂಜೆಗೆ ಮತ್ತೆ ಕೊಳ್ಳೇಗಾಲ. ಆರಕ್ಕೆ ಮಸಾಲೆಪುರಿ. ಬಟಾಣಿ ರಸ ಕುದಿಯುತ್ತಲೇ ಇರಬೇಕು, ಚಕ್ಕೆ ಲವಂಗ ಗಂಟಲಿಗೆ ತಾಗಬೇಕು. ಗೋಬಿ ಮಂಚೂರಿಯ ಗಾಡಿಗಳೂ ಈಗ ನೋಡಬೇಕಾದವೇ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಕೃತಕ ಬಣ್ಣ ನಿಷೇಧಿಸಿದ ಮೇಲೆ ಕೆಂಪಿನ ಮರೆ ಹೋಯಿತು. ಹೂಕೋಸು ಹೊಸದೋ ಹಳೆಯದೋ, ಎಣ್ಣೆ ಎಷ್ಟು ಸಲ ಕಾದಿದೆ ಎಂಬುದೆಲ್ಲ ಕಂದು ಬಣ್ಣದಲ್ಲಿ ನೇರವಾಗಿ ಕಾಣುತ್ತದೆ. ಏಳರ ಮೇಲೆ ಪರೋಟ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ಪರೋಟ ಗಾಡಿಗೆ ಆ ಚರಿತ್ರೆಯೇ ಕಾರಣ ಎನ್ನಲಾರೆ, ಆದರೆ ಸಾಲ್ನಾ ಇಲ್ಲಿನ ನಾಲಿಗೆಗೆ ನೆಂಟನಲ್ಲ, ಮನೆಯವನೇ. ಮಧ್ಯಾಹ್ನವೇ ಕಲಸಿ ಎಣ್ಣೆಯಲ್ಲಿ ನೆನೆದ ಹಿಟ್ಟನ್ನು ಬೀಸಿ, ಸುತ್ತಿ, ಬೇಯಿಸಿ, ಎರಡು ಅಂಗೈಯಿಂದ ಬಡಿದು ಪದರ ಬಿಡಿಸುತ್ತಾರೆ. ಬಡಿದ ಎರಡು ನಿಮಿಷದೊಳಗೆ ತಿನ್ನಬೇಕು. ಕಟ್ಟಿಸಿಕೊಂಡು ಹೋದರೆ ಮನೆಯಲ್ಲಿ ಸಿಗುವುದು ರಬ್ಬರು.

ಇಷ್ಟೆಲ್ಲ ಹೇಳಿದ್ದು ಒಂದು ಮಾತಿಗಾಗಿ. ಗಾಡಿಗಳಿಂದ ದಟ್ಟಣೆ ಎಂಬ ದೂರು ಎದ್ದಾಗಲೆಲ್ಲ ಎಲ್ಲ ಊರಿನಲ್ಲೂ ಒಂದೇ ಪರಿಹಾರ: ಇವರನ್ನೆಲ್ಲ ಊರ ಬದಿಯ ಒಂದು ಜಾಗಕ್ಕೆ ಸಾಗಿಸಿ, ಶೆಡ್ ಕಟ್ಟಿಕೊಡಿ. ಸಿಂಗಪುರ ಹಾಗೇ ಮಾಡಿ ಗೆದ್ದಿತು, ಅದರ ಹಾಕರ್ ಸಂಸ್ಕೃತಿ 2020ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಆದರೆ ಅಲ್ಲಿ ಮನೆಮನೆಯ ಜನ ದಿನಾ ಬಂದು ಉಣ್ಣುವ ಕೇಂದ್ರಗಳನ್ನು ಕಟ್ಟಿದರು. ಇಲ್ಲಿ ಗಿರಾಕಿ ಬಸ್ಸಿನಿಂದ ಇಳಿದವನು, ಗೂಡು ಮಾರಿದವನು, ಬೆಟ್ಟಕ್ಕೆ ನಡೆಯುವವನು. ಅವನು ಶೆಡ್ ಹುಡುಕಿಕೊಂಡು ಹೋಗುವುದಿಲ್ಲ. ಗಿರಾಕಿ ತಪ್ಪಿದರೆ ಹಿಟ್ಟು ಉಳಿಯುತ್ತದೆ, ಉಳಿದದ್ದು ನಾಳೆಗೆ ಬರುತ್ತದೆ, ಅಲ್ಲಿಗೆ ರುಚಿಯೂ ಹೋಯಿತು, ಹೊಟ್ಟೆಯೂ ಕೆಟ್ಟಿತು.

2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದನ್ನು ಬಲ್ಲದು. ಜನ ರೂಢಿಯಿಂದ ಸೇರುವ ಸಹಜ ಮಾರುಕಟ್ಟೆಯನ್ನು ಅದು ಹೆಸರಿಟ್ಟು ಗುರುತಿಸುತ್ತದೆ, ಒಂದೇ ಜಾಗವನ್ನು ಹೊತ್ತಿಗೊಬ್ಬರಂತೆ ಹಂಚಿಕೊಳ್ಳುವುದಕ್ಕೂ ಎಡೆ ಕೊಡುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು ಎನ್ನುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರುಗಳಲ್ಲಿ ಗಾಡಿಗಳ ನಕ್ಷೆ ಬರೆಯಲು ಕೂರುವವರು ಜಾಗದ ಎದುರಿಗೆ ಗಂಟೆಯನ್ನೂ ತಿಥಿಯನ್ನೂ ಬರೆಯಲಿ. ಅದು ಗೊತ್ತಿರುವುದು ಆ ಶೇ 40 ಮಂದಿಗೆ. ಮೊದಲ ಮಾತು ಅವರದ್ದಾಗಲಿ.