ಎಣಿಕೆಯೋ ಹೆಸರೋ: ಕಲ್ಯಾಣದ ಸಂಖ್ಯೆಗಳನ್ನು ಓದುವ ಬಗೆ

ಕಲ್ಯಾಣದ ಕಥನವನ್ನು ಯಾರೇ ಹೇಳಲಿ, ಸಂಖ್ಯೆಗಳಿಲ್ಲದೆ ಹೇಳಲಾರರು. ಏಳುನೂರ ಎಪ್ಪತ್ತು ಅಮರಗಣಂಗಳು, ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರು, ಅರವತ್ತುಮೂವರು ಪುರಾತನರು, ಆರು ಸ್ಥಲ, ಎಂಟು ಆವರಣ, ಐದು ಆಚಾರ: ಪುರಾಣಕಾರರಿಗೆ ಇವು ಉಸಿರಾಟದಷ್ಟು ಸಹಜ. ಇವನ್ನು ಎದುರಿಸುವಾಗ ನಮ್ಮ ವಿಮರ್ಶೆ ಸಾಮಾನ್ಯವಾಗಿ ಎರಡು ಹಾದಿಗಳನ್ನು ಹಿಡಿದಿದೆ. ಒಂದು, ಇತಿಹಾಸಕಾರನ ಹಾದಿ. ಹನ್ನೆರಡನೆಯ ಶತಮಾನದ ಒಂದು ನಗರ ನಿತ್ಯವೂ ಸುಮಾರು ಎರಡು ಲಕ್ಷ ಜನರಿಗೆ ದಾಸೋಹ ನಡೆಸಲು ಎಷ್ಟು ಖಂಡುಗ ಧಾನ್ಯ ಬೇಕೆಂದು ಲೆಕ್ಕ ಹಾಕಿ, ಇದು ಉತ್ಪ್ರೇಕ್ಷೆಯೆಂದು ಷರಾ ಬರೆದು ಮುಂದೆ ಸಾಗುವುದು. ಇನ್ನೊಂದು, ಗೂಢಾರ್ಥದ ಹಾದಿ. ಏಳುನೂರ ಎಪ್ಪತ್ತನ್ನು ಹನ್ನೊಂದರಿಂದ ಭಾಗಿಸಿ ಏಕಾದಶ ರುದ್ರರನ್ನೂ, ಏಳರಿಂದ ಭಾಗಿಸಿ ಸಪ್ತ ಋಷಿಗಳನ್ನೂ ಹೊರತೆಗೆಯುವುದು. ಭಾಗಾಕಾರ ಬಲ್ಲವನಿಗೆ ಯಾವ ಸಂಖ್ಯೆಯಿಂದಲೂ ಯಾವ ದೇವತೆಯೂ ದೊರೆಯುತ್ತದೆ. ಆದುದರಿಂದ ಎರಡನೆಯದನ್ನು ಇಲ್ಲಿ ಹೆಚ್ಚು ಚರ್ಚಿಸುವುದಿಲ್ಲ. ಮೊದಲನೆಯದು ಹೆಚ್ಚು ಗೌರವಾನ್ವಿತವಾದುದರಿಂದಲೇ ಹೆಚ್ಚು ದಾರಿ ತಪ್ಪಿಸುವಂಥದು.

ಈ ಪ್ರಶ್ನೆ ಇಂದು ಬರಿಯ ಪಾಂಡಿತ್ಯದ ಪ್ರಶ್ನೆಯಾಗಿ ಉಳಿದಿಲ್ಲ. ಬಸವಕಲ್ಯಾಣದಲ್ಲಿ ೨೦೨೧ರ ಜನವರಿಯಲ್ಲಿ ಶಂಕುಸ್ಥಾಪನೆಯಾದ ನೂತನ ಅನುಭವ ಮಂಟಪದ ಯೋಜನೆಯಲ್ಲಿ ೭೭೦ ಕಂಬಗಳಿವೆ. ಪುರಾಣದ ಸಂಖ್ಯೆಯೊಂದು ಕಲ್ಲಿನಲ್ಲಿ ನಿಲ್ಲುತ್ತಿದೆ. ಕಲ್ಲಿಗೆ ಇಳಿದೊಡನೆ ಸಂಖ್ಯೆ ಪಟ್ಟಿಯಾಗಲು ಹವಣಿಸುತ್ತದೆ; ಪ್ರತಿ ಕಂಬಕ್ಕೂ ಒಬ್ಬರು ಶರಣರೆಂದಾದರೆ, ಆ ಏಳುನೂರ ಎಪ್ಪತ್ತು ಹೆಸರುಗಳು ಎಲ್ಲಿಂದ ಬರಬೇಕು? ಸಮಗ್ರ ವಚನ ಸಂಪುಟದ ೧೫ ಸಂಪುಟಗಳನ್ನು ಆದ್ಯಂತ ತಿರುವಿದರೂ ದೊರೆಯುವ ವಚನಕಾರರ ಸಂಖ್ಯೆ ಅದರ ಅರ್ಧಕ್ಕೆ ಮುಟ್ಟುವುದಿಲ್ಲ. ಉಳಿದವರನ್ನು ಪುರಾಣಗಳಿಂದ, ಸ್ಥಳೀಯ ಐತಿಹ್ಯಗಳಿಂದ, ನಂತರದ ಗಣನಾಮಾವಳಿಗಳಿಂದ ತುಂಬಿಕೊಳ್ಳಬೇಕು. ತುಂಬಿದ ಮೇಲೆ ಬಾಗಿಲು ಮುಚ್ಚುತ್ತದೆ. ಏಳುನೂರ ಎಪ್ಪತ್ತೊಂದನೆಯವರಿಗೆ ಸ್ಥಳವಿಲ್ಲ.

ಆ ಸಂಖ್ಯೆ ಹುಟ್ಟಿದ ಕಾಲದಲ್ಲಿ ಅದು ಬಾಗಿಲು ಮುಚ್ಚುವ ಕೆಲಸ ಮಾಡುತ್ತಿತ್ತೇ? ಉತ್ತರಕ್ಕಾಗಿ ಪುರಾಣಗಳನ್ನು ಬಿಟ್ಟು ಶಾಸನಗಳ ಕಡೆ ತಿರುಗಬೇಕು. ಒಂದನೆಯ ಸೋಮೇಶ್ವರನ ಕಾಲದಲ್ಲಿ ರಾಜಧಾನಿಯಾದ ಕಲ್ಯಾಣದಿಂದ ಆಳಿದವರ ನಾಡೇ ಸಂಖ್ಯೆಗಳ ನಾಡು: ಬನವಾಸಿ ಪನ್ನಿರ್ಛಾಸಿರ, ಗಂಗವಾಡಿ ತೊಂಬತ್ತಾರು ಸಾಸಿರ, ನೊಳಂಬವಾಡಿ ಮೂವತ್ತಿರ್ಛಾಸಿರ, ಕೂಂಡಿ ಮೂಸಾಸಿರ, ಬೆಳ್ವೊಲ ಮೂನೂರು. ಉಮರ್ಗಾದ ನೆರೆಯ ಆಳಂದ ಅಂದಿನ ಅಳಂದೆ ಸಾಸಿರ. ಈ ಅಂಕಿಗಳು ಗ್ರಾಮಗಳ ಸಂಖ್ಯೆಯೇ, ಕಂದಾಯದ ಮೊತ್ತವೇ ಎಂಬ ಚರ್ಚೆ ದೀರ್ಘಕಾಲ ನಡೆದಿದೆ. ನಮ್ಮ ಪ್ರಸ್ತುತಕ್ಕೆ ಮುಖ್ಯವಾದುದು ಬೇರೆ: ಮೊದಲಲ್ಲಿ ಏನನ್ನೇ ಎಣಿಸಿರಲಿ, ಶಾಸನಗಳಲ್ಲಿ ಅವು ಎಣಿಕೆಯಾಗಿ ವರ್ತಿಸುವುದಿಲ್ಲ. ಎಲ್ಲೆಗಳು ಸರಿದರೂ, ಊರುಗಳು ಕೂಡಿದರೂ ಕಳೆದರೂ ಅಂಕಿ ಕದಲದು. ಅದು ನಾಡಿನ ಹೆಸರಿನ ಉತ್ತರಾರ್ಧ.

ಜನಸಮುದಾಯಗಳ ವಿಷಯವೂ ಹೀಗೆಯೇ. ಅಗ್ರಹಾರದ ಮಹಾಜನರು ಇನ್ನೂರ್ವರು, ನಾನೂರ್ವರು ಎಂದು ಕರೆಸಿಕೊಳ್ಳುತ್ತಾರೆ. ಒಬ್ಬ ಮಹಾಜನ ತೀರಿಕೊಂಡರೆ ಮರುವರ್ಷದ ಶಾಸನದಲ್ಲಿ ನೂರ ತೊಂಬತ್ತೊಂಬತ್ತು ಎಂದಾಗುವುದಿಲ್ಲ. ಎಲ್ಲಕ್ಕಿಂತ ಸ್ಪಷ್ಟ ಉದಾಹರಣೆ ಅಯ್ಯಾವೊಳೆಯ ಐನೂರ್ವರು. ಈ ವರ್ತಕ ಸಂಘದ ಹೆಸರು ತಮಿಳಿನಲ್ಲಿಯೂ ಅದೇ ಸಂಖ್ಯಾವಾಚಕವಾಗಿ ಉಳಿಯಿತು. ಸುಮಾತ್ರಾ ದ್ವೀಪದ ಬರೂಸ್ ಬಳಿ ದೊರೆತ ೧೦೮೮ರ ತಮಿಳು ಶಾಸನದಲ್ಲಿಯೂ ಕಾಣುತ್ತದೆ. ಅದು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ಕಾಲ. ಸಮುದ್ರದಾಚೆ ಕರ್ಪೂರ ಕೊಳ್ಳುತ್ತಿದ್ದ ವ್ಯಾಪಾರಿಯು ತಾನು ಐನೂರರಲ್ಲಿ ಎಷ್ಟನೆಯವನೆಂದು ಕೇಳಿಕೊಂಡಿರಲಾರ. ‘ಐನೂರ್ವರು’ ಎಂದರೆ ಒಂದು ನಂಬಿಕೆ, ಒಂದು ನಡೆ, ಒಂದು ಹೊಣೆ.

ಈ ಹಿನ್ನೆಲೆಯಲ್ಲಿ ಏಳುನೂರ ಎಪ್ಪತ್ತು ಅಮರಗಣಂಗಳನ್ನು ಓದಿದರೆ, ಅದು ಜನಗಣತಿಯೂ ಅಲ್ಲ, ಉತ್ಪ್ರೇಕ್ಷೆಯೂ ಅಲ್ಲ. ರಾಜನಿಗೆ ಸಾಸಿರಗಳ ನಾಡಿದ್ದಂತೆ, ವರ್ತಕರಿಗೆ ಐನೂರ್ವರಿದ್ದಂತೆ, ಬ್ರಾಹ್ಮಣರಿಗೆ ನಾನೂರ್ವರಿದ್ದಂತೆ, ಇಲ್ಲೊಂದು ಹೊಸ ಕೂಟ ತನ್ನನ್ನು ಕೂಟವೆಂದು ಘೋಷಿಸಿಕೊಳ್ಳಲು ಆ ಕಾಲದಲ್ಲಿ ಲಭ್ಯವಿದ್ದ ವ್ಯಾಕರಣವನ್ನೇ ಬಳಸಿತು. ವ್ಯತ್ಯಾಸ ಸದಸ್ಯತ್ವದಲ್ಲಿದೆ: ಮಹಾಜನರ ಸಂಖ್ಯೆಯೊಳಗೆ ಹುಟ್ಟಿನಿಂದ ಪ್ರವೇಶ, ಗಣಗಳ ಸಂಖ್ಯೆಯೊಳಗೆ ಸಮಗಾರ, ಮಡಿವಾಳ, ಅಂಬಿಗರು ಬಂದರು. ಜಂಗಮರ ಸಂಖ್ಯೆಯಲ್ಲಿ ಲಕ್ಷದ ಮೇಲೆ ಕುಳಿತಿರುವ ತೊಂಬತ್ತಾರು ಸಾವಿರವಂತೂ ಗಂಗವಾಡಿಯ ಅಂಕಿಯೇ ಆಗಿದೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಸಾಧಿಸಲು ನಾನು ಹೊರಟಿಲ್ಲ. ತೊಂಬತ್ತಾರು ಎಂಬುದು ಈ ಭೂಭಾಗದ ಕಿವಿಗೆ ಪೂರ್ಣತೆಯ ಧ್ವನಿಯಾಗಿತ್ತೆಂಬುದಷ್ಟೇ ಸಾಕು. ನಿಲಂಗಾ, ಉದಗೀರಗಳ ಓದುಗರಿಗೆ ಇದನ್ನು ವಿವರಿಸಬೇಕಾಗಿಯೂ ಇಲ್ಲ. ‘ಶಹಾಣ್ಣವ ಕುಳಿ’ ಮರಾಠರ ತೊಂಬತ್ತಾರು ಕುಲಗಳ ಪಟ್ಟಿ ಮಾಡಹೊರಟಲ್ಲೆಲ್ಲ ಪಟ್ಟಿಗಳು ಒಂದಕ್ಕೊಂದು ಹೊಂದುವುದಿಲ್ಲ, ಸಂಖ್ಯೆ ಮಾತ್ರ ಬದಲಾಗುವುದಿಲ್ಲ.

ಕಲ್ಯಾಣದ ಪರಂಪರೆಯಲ್ಲಿ ಎಲ್ಲ ಸಂಖ್ಯೆಗಳೂ ಹೀಗೆ ಹೆಸರುಗಳೇ ಎಂದರೆ ಅದು ಇನ್ನೊಂದು ಅತಿ. ನಿಜಕ್ಕೂ ಲೆಕ್ಕವಾಗಿರುವ ಸಂಖ್ಯೆಗಳೂ ಇವೆ. ಹರಿಹರನ ಬಸವಣ್ಣ ಮಂಗಳವಾಡದಲ್ಲಿ, ಎಂದರೆ ಇಂದಿನ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯಲ್ಲಿ, ಕರಣಿಕನಾಗಿ ಬದುಕು ಆರಂಭಿಸಿದವನು. ಭಂಡಾರದ ಹೊನ್ನು ಸೋರಿತೆಂಬ ಚಾಡಿಯನ್ನು ಕೇಳಿ ಬಿಜ್ಜಳ ಎಣಿಸಿ ನೋಡಿದಾಗ ಲೆಕ್ಕ ಸರಿಯಾಗಿಯೇ ಇರುತ್ತದೆ. ಇಲ್ಲಿ ಪವಾಡವಿರುವುದು ಲೆಕ್ಕ ತಪ್ಪದಿರುವುದರಲ್ಲಿ. ಚೆನ್ನಬಸವಣ್ಣನ ಪರಂಪರೆಯ ಷಟ್‌ಸ್ಥಲವೂ ಇಂಥದೇ. ಆರು ಸ್ಥಲಗಳಲ್ಲಿ ಪ್ರತಿಯೊಂದರಲ್ಲಿಯೂ ಉಳಿದ ಐದು ಅಡಗಿವೆಯೆಂಬ ತತ್ತ್ವದಿಂದ ೩೬, ಅದನ್ನು ಮತ್ತೊಮ್ಮೆ ಆರಿಂದ ಗುಣಿಸಿದರೆ ೨೧೬. ಭಕ್ತನಲ್ಲಿ ಐಕ್ಯನೂ ಐಕ್ಯನಲ್ಲಿ ಭಕ್ತನೂ ಇರುವನೆಂಬ ಮಾತನ್ನು ಗುಣಾಕಾರವೇ ಹೇಳುತ್ತದೆ. ಮೆಟ್ಟಿಲುಗಳ ಮೇಲು ಕೀಳನ್ನು ಗುಣಾಕಾರ ಅಳಿಸಿಹಾಕುತ್ತದೆ. ನಂತರ ಬಂದ ನೂರೊಂದು ಸ್ಥಲಗಳ ಕ್ರಮ ಹಾಗಲ್ಲ. ಅದು ಅಂಗಸ್ಥಲ ೪೪, ಲಿಂಗಸ್ಥಲ ೫೭ ಎಂಬ ಕೂಡಿಕೆ. ಹದಿನೈದನೆಯ ಶತಮಾನದ ವಿಜಯನಗರದಲ್ಲಿ ಜಕ್ಕಣಾರ್ಯ ‘ನೂರೊಂದುಸ್ಥಲ’ ಬರೆದಾಗ, ಅದೇ ಪ್ರೌಢದೇವರಾಯನ ಕಾಲದಲ್ಲಿ ನೂರೊಂದು ವಿರಕ್ತರೂ ಇದ್ದರೆಂದು ಪರಂಪರೆ ಹೇಳುತ್ತದೆ. ಸಿದ್ಧಾಂತದ ಸಂಖ್ಯೆ ಮತ್ತು ಸಂಘದ ಸಂಖ್ಯೆ ಒಂದೇ ಆದದ್ದು ವಿಜಯನಗರದಲ್ಲಿ, ಕಲ್ಯಾಣದಲ್ಲಲ್ಲ. ಕಲ್ಯಾಣದ ಏಳುನೂರ ಎಪ್ಪತ್ತಕ್ಕೂ ಆರಕ್ಕೂ ಯಾವ ನಂಟೂ ಇಲ್ಲ. ಒಂದು ಹೆಸರು, ಇನ್ನೊಂದು ಕ್ರಮ. ಈ ಎರಡನ್ನೂ ಒಂದೇ ‘ಸಂಖ್ಯಾ ಸಂಕೇತ’ದ ಚೀಲಕ್ಕೆ ತುಂಬುವ ಲೇಖನಗಳು ಎರಡಕ್ಕೂ ಅನ್ಯಾಯ ಮಾಡುತ್ತವೆ. ಶೂನ್ಯಸಂಪಾದನೆಯ ಶೂನ್ಯವನ್ನು ಗಣಿತದ ಸೊನ್ನೆಯೊಂದಿಗೆ ತಳುಕು ಹಾಕುವವರ ಉತ್ಸಾಹವೂ ಇದೇ ಜಾತಿಯದು. ಅಲ್ಲಮನ ಬಯಲಿಗೆ ಸ್ಥಾನಬೆಲೆಯಿಲ್ಲ.

ಕ್ರಮವಾಗಿರುವ ಸಂಖ್ಯೆಗಳು ಭಾಷೆಯ ಗಡಿಯನ್ನು ಸುಲಭವಾಗಿ ದಾಟಿದವು. ನಿಜಗುಣ ಶಿವಯೋಗಿಯ ‘ವಿವೇಕಚಿಂತಾಮಣಿ’ ಪಂಚ, ಷಟ್, ಸಪ್ತಗಳಾಗಿ ಜಗತ್ತನ್ನೇ ವಿಂಗಡಿಸುವ ಗ್ರಂಥ. ಅದು ೧೬೦೪ರಲ್ಲಿ ಶಾಂತಲಿಂಗನಿಂದ ಮರಾಠಿಗೆ ಬಂದಿತು. ಬೀಡ ಜಿಲ್ಲೆಯ ಕಪಿಲಧಾರದಲ್ಲಿ ಸಮಾಧಿಯಿರುವ ಮನ್ಮಥಸ್ವಾಮಿಯ ‘ಪರಮರಹಸ್ಯ’ ಇಂದಿಗೂ ಮರಾಠವಾಡೆಯ ಲಿಂಗಾಯತ ಮನೆಗಳಲ್ಲಿ ಪಾರಾಯಣವಾಗುತ್ತದೆ. ಷಟ್‌ಸ್ಥಲವನ್ನು ಮರಾಠಿಯಲ್ಲಿ ಕಲಿತ ಮನೆಯಲ್ಲಿ ಅಡುಗೆಯ ಮಾತು ಕನ್ನಡವಾಗಿರುವುದು ಈ ಭಾಗದಲ್ಲಿ ಅಪರೂಪವಲ್ಲ.

ಇಂಥ ಮನೆಗೆ ಇಪ್ಪತ್ತನೆಯ ಶತಮಾನ ತಂದ ಸಂಖ್ಯೆಯೇ ಬೇರೆ. ೧೯೫೬ರ ನವೆಂಬರ್ ೧ರಂದು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆ ಒಡೆದು ನಿಲಂಗಾ, ಉದಗೀರ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದವು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರಿಗೆ ಬಂದವು. ಹಂಚಿಕೆಯಲ್ಲಿ ಭಾಷಿಕರ ಪ್ರಮಾಣ ಮುಖ್ಯ ಮಾನದಂಡವಾಗಿತ್ತು. ೧೯೬೭ರ ಮಹಾಜನ ಆಯೋಗದ ವರದಿಯ ಸುತ್ತಲಿನ ವಾದಗಳಲ್ಲಿಯೂ ಹಳ್ಳಿ ಹಳ್ಳಿಯ ಶೇಕಡಾವಾರು ಅಂಕಿಗಳೇ ಶಸ್ತ್ರಗಳಾದವು. ಗಣತಿದಾರನ ಕಾಗದದಲ್ಲಿ ಮಾತೃಭಾಷೆಗೆ ಒಂದೇ ಕಂಡಿ. ಅಲ್ಲಿ ಪ್ರತಿಯೊಬ್ಬನೂ ಒಂದು. ಒಂದು ಕಡೆ ಕೂಡಿದರೆ ಇನ್ನೊಂದು ಕಡೆ ಕಳೆಯಲೇಬೇಕು. ಗಣಗಳ ಸಂಖ್ಯೆ ಕೇಳದಿದ್ದ ಪ್ರಶ್ನೆಯನ್ನು ಇದು ಕೇಳುತ್ತದೆ. ಉದಗೀರದಿಂದ ಬಹುದೂರವಲ್ಲದ, ಇಂದು ನಾಂದೇಡ ಜಿಲ್ಲೆಯಲ್ಲಿರುವ ಕಂಧಾರದ ಉರಿಲಿಂಗದೇವನನ್ನೂ, ಆಂಧ್ರದಿಂದ ಬಂದು ಆತನ ಶಿಷ್ಯನಾದ ಉರಿಲಿಂಗಪೆದ್ದಿಯನ್ನೂ, ಸೌರಾಷ್ಟ್ರದ ಆದಯ್ಯನನ್ನೂ ಯಾವ ಕಂಡಿಯಲ್ಲಿ ಬರೆಯಬೇಕು? ಇಂದಿನ ಗಡಿಯ ಎರಡೂ ಬದಿಯ ಸಂಶೋಧನೆ ಕಲ್ಯಾಣದ ಸಂಖ್ಯೆಗಳನ್ನು ಓದುವಾಗ ಈ ಕಾಗದವನ್ನೇ ಹನ್ನೆರಡನೆಯ ಶತಮಾನದ ಮೇಲೆ ಹಾಸುತ್ತಿದೆಯೆಂಬುದು ನನ್ನ ಮುಖ್ಯ ಆಕ್ಷೇಪ. ‘ಎಷ್ಟು ಶರಣರು ನಮ್ಮವರು’ ಎಂದು ಕೇಳುವ ಲೇಖನ ಕನ್ನಡದಲ್ಲಿದ್ದರೂ ಮರಾಠಿಯಲ್ಲಿದ್ದರೂ ಅದು ಗಣತಿದಾರನ ಲೇಖನ.

ಇದಕ್ಕೆ ಪ್ರತಿಯಾಗಿ ನಿಲ್ಲುವ ಒಂದು ಸಂಖ್ಯೆ ಉಮರ್ಗಾದಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಹೋದವರಿಗೆ ನಳದುರ್ಗ–ಅಣದೂರಿನ ಖಂಡೋಬನ ಯಾತ್ರೆಯಲ್ಲಿ ಕೇಳಸಿಗುತ್ತದೆ. ಕನ್ನಡದ ಮೈಲಾರನ ‘ಏಳುಕೋಟಿ’ ಅಲ್ಲಿ ‘ಯೆಳಕೋಟ’. ಭಂಡಾರ ಎರಚುತ್ತ ಅದನ್ನು ಕೂಗುವ ಅನೇಕರಿಗೆ ಅದು ಕನ್ನಡವೆಂದಾಗಲಿ, ಸಂಖ್ಯೆಯೆಂದಾಗಲಿ ತಿಳಿದಿಲ್ಲ. ಮರಾಠಿಯಲ್ಲಿ ‘ಸಾತಕೋಟಿ’ ಎಂದು ಅನುವಾದಿಸುವ ಅಗತ್ಯವೂ ಯಾರಿಗೂ ತೋರಿಲ್ಲ. ಜೇಜುರಿಯಲ್ಲಿಯೂ ಹಾಗೆಯೇ, ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರದಲ್ಲಿ ಎರಡೂ ರೂಪಗಳು ಒಂದೇ ಜಾತ್ರೆಯಲ್ಲಿ ಕೇಳಿಬರುತ್ತವೆ.