ನೆಲಕ್ಕೆ ತಕ್ಕ ಹದ

ರಿಮೋಟ್ ರೇಸ್ ಟ್ರಕ್ ಕೊಂಡವರು ಮೊದಲು ಕೇಳುವುದು ಮೋಟಾರಿನ ವಿಚಾರ. ಬ್ರಷ್‌ಲೆಸ್ ಹಾಕಿದರೆ ವೇಗ ಎಷ್ಟು ಸಿಗುತ್ತದೆ, ಬ್ಯಾಟರಿ ಎರಡು ಸೆಲ್ಲಿನದು ಸಾಕೋ ಮೂರು ಸೆಲ್ಲಿನದು ಬೇಕೋ ಎಂಬುದೇ ಚಿಂತೆ. ಮೊದಲು ಟಯರ್ ನೋಡಿ, ಆಮೇಲೆ ಶಾಕ್, ಮೋಟಾರು ಕಟ್ಟಕಡೆಗೆ ಎನ್ನುವುದು ನನ್ನ ಸಲಹೆ. ಚಕ್ರ ನೆಲ ಕಚ್ಚದಿದ್ದರೆ ಮೋಟಾರಿನ ಶಕ್ತಿಯೆಲ್ಲ ಧೂಳೆಬ್ಬಿಸುವುದಕ್ಕೇ ಖರ್ಚಾಗುತ್ತದೆ.

ಟ್ರ್ಯಾಕ್ಸಸ್ ಕಂಪನಿಯ ಸ್ಲ್ಯಾಶ್ ಟ್ರಕ್ಕನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಇದು 2008ರಲ್ಲಿ ಅಮೆರಿಕದ ಟೆಕ್ಸಸ್‌ನಿಂದ ಬಂದದ್ದು. ನಿಜವಾದ ಟ್ರಕ್ಕಿನ ಹತ್ತರಲ್ಲೊಂದು ಅಳತೆ, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ. ಅದಕ್ಕೂ ಮೊದಲು ಮಣ್ಣಿನ ಟ್ರ್ಯಾಕಿನಲ್ಲಿ ಬಗ್ಗಿಗಳದೇ ರಾಜ್ಯಭಾರ. ಜಪಾನಿನ ತಮಿಯಾ 1979ರಲ್ಲಿ ರಫ್ ರೈಡರ್ ಬಗ್ಗಿ ತಂದಿತು. 1984ರಲ್ಲಿ ಟೀಂ ಅಸೋಸಿಯೇಟೆಡ್‌ನ ಆರ್‌ಸಿ10 ಬಂಗಾರದ ಬಣ್ಣದ ಅಲ್ಯುಮಿನಿಯಂ ಷಾಸಿಯೊಂದಿಗೆ ಬಂದು, ಮರುವರ್ಷ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ ಎರಡು ಚಕ್ರದ ವಿಭಾಗವನ್ನು ಗೆದ್ದಿತು. ಆಮೇಲೆ ಬಂದ ಸ್ಟೇಡಿಯಂ ಟ್ರಕ್ಕುಗಳಲ್ಲೂ ಚಕ್ರ ಮೈಯಿಂದ ಹೊರಗೆ ಚಾಚಿಕೊಂಡೇ ಇತ್ತು. ಇಬ್ಬರು ಒಟ್ಟಿಗೆ ತಿರುವಿಗೆ ಬಂದರೆ ಚಕ್ರಕ್ಕೆ ಚಕ್ರ ಸಿಕ್ಕಿ ಇಬ್ಬರದೂ ಪಲ್ಟಿ. ಸ್ಲ್ಯಾಶ್ ಅನುಕರಿಸಿದ್ದು ಅಮೆರಿಕದ ವಿಸ್ಕಾನ್ಸಿನ್‌ನ ಕ್ರ್ಯಾಂಡನ್‌ನಂಥ ಕಡೆ ಓಡುವ ದೊಡ್ಡ ಶಾರ್ಟ್ ಕೋರ್ಸ್ ಟ್ರಕ್ಕುಗಳನ್ನು. ಚಕ್ರಗಳನ್ನು ಮುಚ್ಚುವ ಅಗಲವಾದ ಬಾಡಿ, ಹಿಂದೆ ಮುಂದೆ ದಪ್ಪ ಬಂಪರ್. ಪಕ್ಕದವರು ಉಜ್ಜಿಕೊಂಡು ಹೋದರೂ ಓಟ ನಿಲ್ಲುವುದಿಲ್ಲ. ಹೊಸಬರು ಇದಕ್ಕೆ ಮನಸೋತದ್ದು ಸಹಜವೇ ಆಗಿತ್ತು.

ಆದರೆ ಆ ಆಕಾರಕ್ಕೆ ಅದರದೇ ಬೆಲೆಯಿದೆ. ಮೈ ಎತ್ತರ, ಸಸ್ಪೆನ್ಷನ್ ಉದ್ದ. ತಿರುವಿನಲ್ಲಿ ಟ್ರಕ್ಕು ವಾಲುತ್ತದೆ. ಕಾರ್ಖಾನೆಯಿಂದ ಬಂದ ಹದ ಎಲ್ಲ ಕಡೆ ಹೇಗೋ ಓಡಲಿ ಎಂಬ ಲೆಕ್ಕದ್ದು, ರೇಸಿನ ಟ್ರ್ಯಾಕಿಗೆ ಅದು ಸಾಲದು. ಇಲ್ಲಿಂದಲೇ ಹದ ಮಾಡುವ ಕೆಲಸ ಶುರು.

ಈ ಹಂತದಲ್ಲಿ ಹೆಚ್ಚಿನವರು ಮಾಡುವುದು ಗೆದ್ದವರ ಸೆಟಪ್ ಶೀಟ್ ಹುಡುಕುವ ಕೆಲಸ. ಯಾವ ಸ್ಪ್ರಿಂಗ್, ಎಷ್ಟನೇ ನಂಬರಿನ ಎಣ್ಣೆ, ಚಕ್ರದ ಓರೆ ಎಷ್ಟು ಡಿಗ್ರಿ, ಎಲ್ಲವೂ ಅದರಲ್ಲಿರುತ್ತದೆ. ದೊಡ್ಡ ಚಾಲಕರು ಇವನ್ನು ಮುಚ್ಚಿಡದೆ ಹಂಚುತ್ತಾರೆ. ಈ ಹವ್ಯಾಸದ ದೊಡ್ಡತನಗಳಲ್ಲಿ ಅದೂ ಒಂದು. ಆದರೆ ಆ ಶೀಟಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲನ್ನು ಓದುವವರೇ ಕಡಿಮೆ: ನೆಲ ಎಂಥದು? ಯುರೋಪಿನ ಎಷ್ಟೋ ಟ್ರ್ಯಾಕುಗಳು ಕೃತಕ ಹುಲ್ಲಿನವು, ಇಲ್ಲವೇ ಕಾರ್ಪೆಟ್ಟಿನವು. ಅಮೆರಿಕದ ಒಳಾಂಗಣ ಟ್ರ್ಯಾಕುಗಳ ಜೇಡಿಮಣ್ಣು ಓಡಿ ಓಡಿ ಎಷ್ಟು ನುಣುಪಾಗುತ್ತದೆಂದರೆ ಅಲ್ಲಿ ಪಟ್ಟಿಯೇ ಇಲ್ಲದ ಬೋಳು ಟಯರ್ ಗೆಲ್ಲುತ್ತದೆ. ಆ ಹದವನ್ನು ತಂದು ನಮ್ಮ ಬಯಲಿನ ಕೆಂಪು ಮಣ್ಣಿಗೆ ಇಳಿಸಿದರೆ ಟ್ರಕ್ಕು ಮೊದಲ ತಿರುವಿನಲ್ಲೇ ಬಾಲ ತಿರುಗಿಸುತ್ತದೆ. ನಮ್ಮಲ್ಲಿ ಕೆಳಗೆ ಗಟ್ಟಿ ನೆಲ, ಮೇಲೆ ರಾಗಿ ಹಿಟ್ಟಿನಂಥ ಸಡಿಲ ಧೂಳು. ಧೂಳನ್ನು ಸೀಳಿ ಕೆಳಗಿನ ಗಟ್ಟಿ ಪದರವನ್ನು ಮುಟ್ಟುವ ಟಯರ್ ಬೇಕು.

ಹಾಗಾಗಿ ಇಲ್ಲಿಗೆ ಉದ್ದವಾದ, ದೂರ ದೂರ ಇರುವ ಗುಬ್ಬಿಗಳ ಮೆತ್ತನೆಯ ಟಯರ್. ಎರೆಮಣ್ಣಿನ ಕಡೆ ತೇವವಿರುವಾಗ ಗುಬ್ಬಿಗಳ ನಡುವಿನ ಜಾಗ ಇನ್ನೂ ಹೆಚ್ಚಿರಬೇಕು, ಇಲ್ಲವಾದರೆ ಮಣ್ಣು ಮೆತ್ತಿಕೊಂಡು ಟಯರೇ ಉಂಡೆಯಾಗುತ್ತದೆ. ಒಳಗಿನ ಫೋಮ್ ಮೇಲೂ ಗಮನವಿರಲಿ. ಅಗ್ಗದ ಫೋಮ್ ಬೇಗ ಕುಸಿಯುತ್ತದೆ, ಆಗ ಟಯರಿನ ಅಂಚು ತಿರುವಿನಲ್ಲಿ ಮಡಚಿಕೊಳ್ಳುತ್ತದೆ. ಅಂಟಿಸುವ ಮೊದಲು ಟಯರಿನ ಅಂಚನ್ನು ಸೋಪು ನೀರಿನಲ್ಲಿ ತೊಳೆದು ಒಣಗಿಸಿ, ಅಚ್ಚಿನ ಜಿಡ್ಡು ಹೋಗಬೇಕು. ತೆಳುವಾದ ಸೂಪರ್ ಗ್ಲೂ ಸಾಕು. ಅಂಚನ್ನು ಹೆಬ್ಬೆರಳಿನಿಂದ ಸ್ವಲ್ಪ ತೆರೆದು, ಒಂದು ಹನಿ ಬಿಟ್ಟು, ಒತ್ತಿ ಹಿಡಿದು, ಮುಂದಿನ ಜಾಗಕ್ಕೆ ಹೋಗಬೇಕು. ಆತುರಪಟ್ಟು ಸುತ್ತಲೂ ಒಮ್ಮೆಗೇ ಸುರಿದರೆ ಅಂಟು ಒಳಗೆ ಹರಿದು ಫೋಮನ್ನು ಗಟ್ಟಿಮಾಡುತ್ತದೆ.

ಇನ್ನು ಶಾಕ್. ನನ್ನ ಮಟ್ಟಿಗೆ ಇಡೀ ಟ್ರಕ್ಕಿನಲ್ಲಿ ಇದಕ್ಕಿಂತ ಚೆಂದದ ಕೆಲಸವಿಲ್ಲ. ಕೊಳವೆಯೊಳಗೆ ಸಿಲಿಕೋನ್ ಎಣ್ಣೆ, ಅದರಲ್ಲಿ ತೂತುಗಳಿರುವ ಪುಟ್ಟ ಪಿಸ್ಟನ್. ಪಿಸ್ಟನ್ ಚಲಿಸಬೇಕಾದರೆ ಎಣ್ಣೆ ಆ ತೂತುಗಳ ಮೂಲಕ ನುಸುಳಬೇಕು. ಇಷ್ಟೇ ಯಂತ್ರ. ಆದರೆ ತಿರುವಿನಲ್ಲಿ ಟ್ರಕ್ಕು ನಿಧಾನವಾಗಿ ವಾಲುವಾಗ ಎಣ್ಣೆ ತೋರುವ ಪ್ರತಿರೋಧವೇ ಬೇರೆ, ಜಿಗಿದು ಬಿದ್ದ ಕ್ಷಣದಲ್ಲಿ ತೋರುವುದೇ ಬೇರೆ. ತೂತು ಸಣ್ಣದಿದ್ದರೆ ಬಿದ್ದ ಏಟಿಗೆ ಎಣ್ಣೆ ನುಸುಳಲಾರದೆ ಶಾಕ್ ಬಿಗಿಯುತ್ತದೆ, ಹೊಟ್ಟೆ ನೆಲಕ್ಕೆ ಬಡಿಯುವುದು ತಪ್ಪುತ್ತದೆ. ಆದರೆ ಅದೇ ಶಾಕ್ ಸಣ್ಣ ಉಬ್ಬುತಗ್ಗುಗಳ ಮೇಲೆ ಚಕ್ರವನ್ನು ಕುಣಿಸುತ್ತದೆ. ಆದ್ದರಿಂದ ದೊಡ್ಡ ಜಿಗಿತಗಳ ಟ್ರ್ಯಾಕಿಗೆ ಸಣ್ಣ ತೂತು, ತೆಳು ಎಣ್ಣೆ; ಕೊರಕಲು ನೆಲಕ್ಕೆ ದೊಡ್ಡ ತೂತು, ಮಂದ ಎಣ್ಣೆ.

ಶಾಕ್ ಹೇಗೆ ತುಂಬುತ್ತೀರಿ ಎಂಬುದರಲ್ಲೇ ಅರ್ಧ ಗೆಲುವಿದೆ. ಮೇಲಿನ ಮುಚ್ಚಳ ಬಿಚ್ಚಿ, ಕಪ್ಪುಗಟ್ಟಿದ ಹಳೆಯ ಎಣ್ಣೆ ಚೆಲ್ಲಿ, ಒಳಗೆ ಒರೆಸಿ. ಪಿಸ್ಟನ್ನನ್ನು ಕೆಳಕ್ಕೆ ಎಳೆದು ಅಂಚಿನವರೆಗೆ ಎಣ್ಣೆ ಹಾಕಿ. ನಂತರ ಕಡ್ಡಿಯನ್ನು ತೀರಾ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಪಿಸ್ಟನ್ ಕೆಳಗೆ ಅಡಗಿದ್ದ ಗಾಳಿ ಗುಳ್ಳೆಗಳಾಗಿ ಏಳುತ್ತದೆ. ಈಗ ಶಾಕನ್ನು ನೆಟ್ಟಗೆ ನಿಲ್ಲಿಸಿ ಬಿಟ್ಟುಬಿಡಿ. ಗುಳ್ಳೆಗಳೆಲ್ಲ ತಾವಾಗಿಯೇ ಒಡೆಯುವವರೆಗೆ ಮುಟ್ಟಬೇಡಿ. ಮುಚ್ಚಳ ಹಾಕಿದ ಮೇಲೆ ಕಿವಿಯ ಹತ್ತಿರ ಹಿಡಿದು ಒತ್ತಿ ನೋಡಿ, ಪಚಪಚ ಸದ್ದು ಬಂದರೆ ಒಳಗೆ ಗಾಳಿ ಉಳಿದಿದೆ ಎಂದರ್ಥ. ಕೊನೆಗೆ ಸ್ಪ್ರಿಂಗ್ ಹಾಕದ ಎಡ ಬಲದ ಎರಡೂ ಶಾಕ್‌ಗಳ ಕಡ್ಡಿಯ ತುದಿಗಳನ್ನು ಎದುರುಬದುರು ಹಿಡಿದು ಒಂದಕ್ಕೊಂದು ಒತ್ತಿ. ಎರಡೂ ಸಮನಾಗಿ ಒಳಸರಿಯಬೇಕು. ಒಂದು ಮೊದಲು ಓಡಿ ಇನ್ನೊಂದು ಹಿಂದೆ ಬಿದ್ದರೆ ಮತ್ತೆ ಬಿಚ್ಚಿ. ಆ ವ್ಯತ್ಯಾಸ ಕಣ್ಣಿಗೆ ಚಿಕ್ಕದು, ಟ್ರ್ಯಾಕಿನಲ್ಲಿ ಎಡ ತಿರುವಿಗೂ ಬಲ ತಿರುವಿಗೂ ಬೇರೆ ಬೇರೆ ಟ್ರಕ್ಕು ಓಡಿಸಿದ ಹಾಗಾಗುತ್ತದೆ.

ಎಣ್ಣೆ ಕೊಳ್ಳುವಾಗ ಡಬ್ಬಿಯ ಮೇಲಿನ ವೇಟ್ ನಂಬರಿಗಿಂತ ಎಣ್ಣೆಯ ಮಂದತೆಯನ್ನು ಅಳೆಯುವ ಸಿಎಸ್‌ಟಿ ಅಂಕಿಯನ್ನು ನಂಬಿ, ಒಂದೊಂದು ಕಂಪನಿಯ ವೇಟ್ ಲೆಕ್ಕ ಒಂದೊಂದು ಥರ. ಅಸೋಸಿಯೇಟೆಡ್‌ನ ಲೆಕ್ಕದಲ್ಲಿ 30 ವೇಟ್ ಅಂದರೆ 350 ಸಿಎಸ್‌ಟಿ, 35 ಅಂದರೆ 425, 40 ಅಂದರೆ 500. ಬಿಸಿಲೇರಿದಂತೆ ಎಣ್ಣೆ ತೆಳುವಾಗುತ್ತದೆ. ಚಳಿಗಾಲದ ಬೆಳಗಿಗೆ ಸರಿಯಿದ್ದ 350 ಏಪ್ರಿಲ್ ಮಧ್ಯಾಹ್ನಕ್ಕೆ ನಿಲ್ಲುವುದಿಲ್ಲ, ಒಂದು ಮೆಟ್ಟಿಲು ಮೇಲೇರಲೇಬೇಕು.

ಎತ್ತರ ಹೊಂದಿಸುವುದು ಸುಲಭ. ಬ್ಯಾಟರಿ ಹಾಕಿದ ಟ್ರಕ್ಕನ್ನು ಒಂದಡಿ ಮೇಲಿಂದ ಬಿಟ್ಟು, ಅದು ಕೂತ ಮೇಲೆ ಹಿಂದಿನ ಡ್ರೈವ್ ಶಾಫ್ಟುಗಳು ನೆಲಕ್ಕೆ ಸಮಾನಾಂತರವಾಗಿ ಇವೆಯೇ ನೋಡಿ. ಅಲ್ಲಿಂದ ಶುರುಮಾಡಿ. ಚಕ್ರದ ಮೇಲ್ತುದಿ ಒಂದೆರಡು ಡಿಗ್ರಿ ಒಳಕ್ಕೆ ವಾಲಿರಲಿ. ತಿರುವಿನಲ್ಲಿ ಮೂತಿ ತಿರುಗದೆ ನೇರಕ್ಕೆ ಓಡಿದರೆ ಮುಂದಿನ ಸ್ಪ್ರಿಂಗ್ ಮೆತ್ತಗೆ ಮಾಡಿ. ಬಾಲ ಜಾರಿದರೆ ಹಿಂದಿನದನ್ನು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನು ಆಗಲೇ ಪುಸ್ತಕದಲ್ಲಿ ಬರೆದಿಡಿ. ಎರಡು ತಿರುಪು ಒಟ್ಟಿಗೆ ತಿರುಗಿಸಿದರೆ ಯಾವುದು ಕೆಲಸ ಮಾಡಿತೆಂದು ಯಾರಿಗೂ ಗೊತ್ತಾಗುವುದಿಲ್ಲ.

ಹೊಸ ಬಿಡಿಭಾಗಗಳಲ್ಲಿ ನಾನು ಕೂಡಲೇ ಹಾಕಿಸುವುದು ಬುಷ್ ಇರುವ ಕಡೆಯೆಲ್ಲ ಬಾಲ್ ಬೇರಿಂಗ್, ಮತ್ತು ಸ್ಟೇರಿಂಗಿನ ಆಟ ಕಡಿಮೆ ಮಾಡುವ ಭಾಗಗಳು. ಮಿರುಗುವ ಅಲ್ಯುಮಿನಿಯಂ ಸಸ್ಪೆನ್ಷನ್ ತೋಳುಗಳಿಗೆ ದುಡ್ಡು ಸುರಿಯುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನೈಲಾನ್ ತೋಳು ಏಟು ತಿಂದರೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಅಲ್ಯುಮಿನಿಯಂ ಬಾಗಿದರೆ ಬಾಗಿದ್ದೇ. ಬಾಗದಿದ್ದರೆ ಆ ಏಟು ಷಾಸಿಗೆ ದಾಟುತ್ತದೆ. ಲೋಹ ಬೇಕಿರುವುದು ಮೋಟಾರಿನ ಪ್ಲೇಟಿಗೆ, ಶಾಖ ಎಳೆದು ಹಾಕಲು. ಶಾಕ್ ಮುಚ್ಚಳಕ್ಕೆ, ಎಣ್ಣೆ ಸೋರದಿರಲು.

ಅಗಲ ಬಾಡಿಗೂ ಒಂದು ತೊಂದರೆಯಿದೆ. ಜಿಗಿದಾಗ ಮೂತಿ ಮೇಲೆದ್ದರೆ ಬಾಡಿಯ ಕೆಳಗೆ ಗಾಳಿ ತುಂಬಿ, ಅದು ಪ್ಯಾರಾಚೂಟಿನ ಹಾಗೆ ಟ್ರಕ್ಕನ್ನು ಹಿಂದಕ್ಕೆ ಎಳೆಯುತ್ತದೆ. ಅದಕ್ಕೇ ರೇಸಿನವರು ಬಾಡಿಯ ಹಿಂಭಾಗದಲ್ಲಿ ಗಾಳಿ ಹೊರಹೋಗಲು ಕಿಂಡಿ ಕತ್ತರಿಸುತ್ತಾರೆ. ಉಳಿದದ್ದು ನಿಮ್ಮ ಬೆರಳಿನಲ್ಲಿ: ಗಾಳಿಯಲ್ಲಿರುವಾಗ ಥ್ರಾಟಲ್ ಒತ್ತಿದರೆ ಮೂತಿ ಏಳುತ್ತದೆ, ಬ್ರೇಕ್ ಒತ್ತಿದರೆ ಇಳಿಯುತ್ತದೆ. ತಿರುಗುವ ಚಕ್ರ ಹೆಚ್ಚು ಜೋರಾದರೆ ಷಾಸಿ ಅದಕ್ಕೆ ಎದುರು ದಿಕ್ಕಿಗೆ ತಿರುಗುತ್ತದೆ, ಚಕ್ರ ತಟಕ್ಕನೆ ನಿಂತರೆ ಅದರದೇ ದಿಕ್ಕಿಗೆ. ಹಾರುತ್ತಿರುವ ಟ್ರಕ್ಕನ್ನು ನೆಲಕ್ಕೆ ಸಮನಾಗಿ ಇಳಿಸುವ ಆ ಸುಖ ಕಲಿತವರಿಗಷ್ಟೇ ಗೊತ್ತು.

ಇಷ್ಟೆಲ್ಲ ಆದ ಮೇಲೆ ಮೋಟಾರು. 3500 ಕೆವಿಯ, ಅಂದರೆ ವೋಲ್ಟಿಗೆ ನಿಮಿಷಕ್ಕೆ 3500 ಸುತ್ತಿನ, ಬ್ರಷ್‌ಲೆಸ್ ಮೋಟಾರು 7.4 ವೋಲ್ಟಿನ ಬ್ಯಾಟರಿಗೆ ಲೆಕ್ಕದಲ್ಲಿ ನಿಮಿಷಕ್ಕೆ ಸುಮಾರು 25,900 ಸುತ್ತು ತಿರುಗುತ್ತದೆ. ಈ ಟ್ರಕ್ಕಿಗೆ ಅಷ್ಟು ಧಾರಾಳವಾಗಿ ಸಾಕು. ಇಲ್ಲಿಯ ಜಾಣತನವಿರುವುದು ಪಿನಿಯನ್ನಿನಲ್ಲಿ, ಅಂದರೆ ಮೋಟಾರಿಗೆ ಹಾಕುವ ಚಿಕ್ಕ ಗೇರಿನಲ್ಲಿ. 86 ಹಲ್ಲಿನ ಸ್ಪರ್ ಗೇರಿಗೆ 19 ಹಲ್ಲಿನ ಪಿನಿಯನ್ ಜೋಡಿಸಿದರೆ, ಗೇರ್‌ಬಾಕ್ಸಿನ 2.72 ಅನ್ನು ಸೇರಿಸಿ, ಒಟ್ಟು ಅನುಪಾತ ಸುಮಾರು 12.3. 17 ಹಲ್ಲಿನದಕ್ಕೆ ಇಳಿದರೆ 13.8. ಓಟದ ತುದಿವೇಗ ಸ್ವಲ್ಪ ಕಡಿಮೆಯಾದರೂ ತಿರುವಿನಿಂದ ಹೊರಬರುವ ಎಳೆತ ಹೆಚ್ಚುತ್ತದೆ, ಮೋಟಾರು ತಣ್ಣಗಿರುತ್ತದೆ. ಎರಡು ಗೇರಿನ ನಡುವೆ ತೆಳ್ಳನೆಯ ಕಾಗದದ ಪಟ್ಟಿ ಇಟ್ಟು ಮೋಟಾರು ಬಿಗಿ ಮಾಡಿ, ಗೇರು ತಿರುಗಿಸಿ ಪಟ್ಟಿ ಹೊರತೆಗೆಯಿರಿ. ಅದು ಮಡಿಕೆ ಬಿದ್ದಿರಬೇಕು, ಹರಿದಿರಬಾರದು. ಓಡಿಸಿದ ಕೂಡಲೇ ಮೋಟಾರಿನ ಬಿಸಿ ಅಳೆಯಿರಿ. 70 ಡಿಗ್ರಿ ಸೆಲ್ಷಿಯಸ್ ದಾಟುತ್ತಿದ್ದರೆ ಪಿನಿಯನ್ನಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿ, ಬೇಸಿಗೆಯಲ್ಲಿ ಆ ಚಿಕ್ಕ ಪಿನಿಯನ್ ಪೆಟ್ಟಿಗೆಯಲ್ಲಿ ಸದಾ ಇರಲಿ.