ರಕ್ಕಸನಿಗೂ ಶ್ರುತಿ ಉಂಟು

ಹೊನ್ನಾವರದ ಹತ್ತಿರದ ಅಪ್ಸರಕೊಂಡದಲ್ಲಿ ದೆವ್ವದ ಸಿನಿಮಾ ತೆಗೆಯಹೊರಟವರಿಗೆ ಹಿನ್ನೆಲೆ ಸಂಗೀತವೇ ಬೇಡವೆನ್ನಿಸಬಹುದು. ಉಗ್ರನರಸಿಂಹನ ಗುಡಿ, ಪಾಂಡವರದೆಂದು ಹೇಳುವ ಗುಹೆ, ಮಳೆಗಾಲದಲ್ಲಿ ಬಿಡದೆ ಮೊರೆಯುವ ಅಬ್ಬಿ, ಗುಡ್ಡದ ಬುಡದಲ್ಲಿ ಬಿಟ್ಟುಬಿಟ್ಟು ಅಪ್ಪಳಿಸುವ ಕಡಲು. ಒಂದು ನೀರು ಶ್ರುತಿ, ಇನ್ನೊಂದು ತಾಳ. ಆದರೂ ನಮ್ಮ ಸಿನಿಮಾ ಮಂದಿ ಮಾಡುವುದೇನು? ಕೀಬೋರ್ಡಿನಿಂದ ಒಂದು ಗುಂಪಿನ ‘ಆ...’ ಎಳೆದು, ಬಾಗಿಲು ಕಿರುಗುಟ್ಟಿದಾಗ ಧಡಾರೆನ್ನಿಸಿ ಕೈತೊಳೆದುಕೊಳ್ಳುತ್ತಾರೆ. ಅದಕ್ಕೆ ಬೆಚ್ಚಿಬೀಳುತ್ತೇವೆ, ನಿಜ. ಹೆದರುವುದಿಲ್ಲ.

ಆ ‘ಆ...’ಕಾರದ ಮೂಲ ಇಗರ್ಜಿ. ರೋಮನ್ ಕ್ಯಾಥೊಲಿಕರ ಸಾವಿನ ಪೂಜೆಯಲ್ಲಿ ‘ಡಿಯೆಸ್ ಇರೇ’ ಎಂಬ ಲ್ಯಾಟಿನ್ ಹಾಡು ಶತಮಾನಗಳ ಕಾಲ ಇತ್ತು. 1960ರ ದಶಕದ ಸುಧಾರಣೆಗಳ ಬೆನ್ನಿಗೆ ಬಿಟ್ಟುಹೋಯಿತು. ಲ್ಯಾಟಿನ್ ಪೂಜೆಯ ಕಾಲದಲ್ಲಿ ಹೊನ್ನಾವರ, ಚಂದಾವರದ ಇಗರ್ಜಿಗಳಿಗೂ ಅದೇ ಕ್ರಮ. ಹಾಗಾಗಿ ಗಾಥಿಕ್ ಸಂಗೀತವೆಂದರೆ ಡ್ರಾಕುಲಾನ ಟ್ರಾನ್ಸಿಲ್ವೇನಿಯಾದಿಂದಲೇ ಹಡಗೇರಿ ಬರಬೇಕಾದ ಸರಕೇನಲ್ಲ. ಆ ಹಾಡಿನ ಮೊದಲ ನಾಲ್ಕು ಸ್ವರ ನಮ್ಮ ಲೆಕ್ಕದಲ್ಲಿ ಗ ರಿ ಗ ಸ, ಗಾಂಧಾರ ಕೋಮಲ. ಸರಳೆ ವರಸೆ ಕಲಿಯುವ ಮಕ್ಕಳೂ ಹಾಡಿಯಾರು. ಬರ್ಲಿಯೋಜ್ 1830ರ ತನ್ನ ಸಿಂಫನಿಯಲ್ಲಿ ಮಾಟಗಾತಿಯರ ಕೂಟಕ್ಕೆ ಇದನ್ನೇ ತಂದ. 1980ರ ‘ದಿ ಶೈನಿಂಗ್’ ಚಿತ್ರ ಶುರುವಾಗುವುದೂ ಇದರಿಂದಲೇ; ವೆಂಡಿ ಕಾರ್ಲೋಸ್ ಮತ್ತು ರೇಚಲ್ ಎಲ್ಕೈಂಡ್ ಸಿಂಥಸೈಜರಿನಲ್ಲಿ ಕಟ್ಟಿದ್ದು.

ಅದೇ ಚಿತ್ರದಲ್ಲಿ ಮುಂದೆ ಪೋಲೆಂಡಿನ ಪೆಂಡೆರೆಟ್ಸ್ಕಿಯ ‘ಉಟ್ರೆನ್ಯಾ’ ಕೇಳುತ್ತದೆ. ಅಲ್ಲಿ ವೃಂದ ಹಾಡುವುದಷ್ಟೇ ಅಲ್ಲ, ಕಿರುಚುತ್ತದೆ, ಒಂದಕ್ಕೊಂದು ತಾಗಿದ ಸ್ವರಗಳನ್ನು ಒಟ್ಟಿಗೇ ಹಿಡಿದು ನಿಲ್ಲುತ್ತದೆ. ಷಡ್ಜ ಯಾವುದೆಂದು ಕಿವಿ ತಡಕಾಡುತ್ತದೆ, ಸಿಗುವುದಿಲ್ಲ. ತಂಬೂರಿಯ ಪಕ್ಕದಲ್ಲಿ ಬೆಳೆದ ಕಿವಿಗೆ ಇದಕ್ಕಿಂತ ದೊಡ್ಡ ದಿಗಿಲು ಬೇಕೆ? ತೀವ್ರ ಮಧ್ಯಮವನ್ನು ಯುರೋಪಿನವರು ಸೈತಾನನ ಸ್ವರ ಎಂದರು. ನಾವು ಅದರಲ್ಲಿ ಕಲ್ಯಾಣಿ ಹಾಡಿ ಮಂಗಳ ಕಂಡೆವು. ನಮ್ಮನ್ನು ಯಾವ ಸ್ವರವೂ ಅಷ್ಟು ಸುಲಭಕ್ಕೆ ಹೆದರಿಸಲಾರದು. ಆಧಾರ ತಪ್ಪಿದರೆ ಮಾತ್ರ ಎದೆ ಝಲ್ಲೆನ್ನುತ್ತದೆ.

ಇನ್ನೊಂದು ದಾರಿಯೂ ಇದೆ, ನನ್ನ ಒಲವು ಅದರ ಕಡೆಗೆ. ವೊಯ್ಚೆಕ್ ಕಿಲಾರ್ ಅದೇ ಪೋಲೆಂಡಿನವ, ಪೆಂಡೆರೆಟ್ಸ್ಕಿಗಿಂತ ಒಂದು ವರ್ಷ ಹಿರಿಯ, 1932ರಲ್ಲಿ ಹುಟ್ಟಿದವ. ಹರೆಯದಲ್ಲಿ ಇವನೂ ಷಡ್ಜ ಕಳೆಯುವ ಆಟ ಆಡಿದ್ದ. ಎಪ್ಪತ್ತರ ದಶಕದಲ್ಲಿ ತಾತ್ರಾ ಬೆಟ್ಟದ ಜನಪದರ ಹಾಡಿನ ಕಡೆ ತಿರುಗಿಬಿಟ್ಟ. 1992ರಲ್ಲಿ ಕೊಪ್ಪೊಲಾನ ‘ಡ್ರಾಕುಲಾ’ಗೆ ಬರೆದಾಗ ಚೆಲ್ಲೊ, ಡಬಲ್ ಬಾಸ್‌ಗಳಿಗೆ ಒಂದು ಗಿಡ್ಡ ಸಾಲು ಕೊಟ್ಟು ಅದನ್ನೇ ಮತ್ತೆ ಮತ್ತೆ ತುಳಿಸಿದ. ಮೇಲೆ ಹಿತ್ತಾಳೆ ವಾದ್ಯಗಳು, ಅದರ ಮೇಲೆ ಜನರ ಕಂಠ. ಷಡ್ಜ ಅಲುಗುವುದಿಲ್ಲ, ಬರುವವನು ಬಂದೇ ಬರುತ್ತಾನೆ.

ಹೊನ್ನಾವರದವರಿಗೆ ಇದು ಹೊಸತಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ ಸೀಮೆ ಇದು. ಅವರ ಊರು ಗುಣವಂತೆ ಅಪ್ಸರಕೊಂಡದಿಂದ ದೂರವೇನಲ್ಲ. ಆಟದಲ್ಲಿ ರಕ್ಕಸನ ಬಣ್ಣದ ವೇಷ ಹೊರಡುವ ಹೊತ್ತು ನೆನೆಸಿಕೊಳ್ಳಿ. ತೆರೆಯ ಹಿಂದೆ ಆರ್ಭಟ, ಪಂಜಿಗೆ ಎರಚಿದ ರಾಳ ಭಗ್ಗೆನ್ನುತ್ತದೆ, ಭಾಗವತರು ಪದ ನಿಲ್ಲಿಸಿ ಚಂಡೆಗೆ ಜಾಗ ಬಿಡುತ್ತಾರೆ. ಕೈ ಏರಿದಂತೆ ಅಮ್ಮಂದಿರ ಮಡಿಲಲ್ಲಿ ಮಕ್ಕಳು ಮುಖ ಹುದುಗಿಸುತ್ತಾರೆ. ಇಷ್ಟಾಗಿಯೂ ಹಾರ್ಮೋನಿಯಂ ಶ್ರುತಿ ಕದಲುವುದಿಲ್ಲ, ರಕ್ಕಸ ತಾಳ ತಪ್ಪುವುದಿಲ್ಲ. ಲೆಕ್ಕಕ್ಕೆ ಸರಿಯಾಗಿ ಹೆಜ್ಜೆ ಇಟ್ಟು ಬರುವ ಕೇಡು ದಿಕ್ಕೆಟ್ಟು ಕಿರುಚುವ ಕೇಡಿಗಿಂತ ಘೋರ.

ಕನ್ನಡ ಸಿನಿಮಾ ಇದನ್ನು ಅರಿಯಲು ತಡ ಮಾಡಿತು. 1979ರ ‘ನಾ ನಿನ್ನ ಬಿಡಲಾರೆ’ಗೆ ಸಂಗೀತ ಕೊಟ್ಟವರು ರಾಜನ್–ನಾಗೇಂದ್ರ, ಮಾಧುರ್ಯದವರಿಗೆ ದೆವ್ವ ಸಿಕ್ಕಿತ್ತು, ಅಷ್ಟೇ ಹೇಳುತ್ತೇನೆ. ‘ಆಪ್ತಮಿತ್ರ’ದಲ್ಲಿ (2004) ಗುರುಕಿರಣ್ ನಾಗವಲ್ಲಿಯಿಂದ ತೆಲುಗಿನಲ್ಲಿ ಹಾಡಿಸಿದರು. ಹಾಲಿವುಡ್ಡಿನವರಿಗೆ ಲ್ಯಾಟಿನ್ ಮಾಡುವ ಕೆಲಸವನ್ನು ನಮಗೆ ತೆಲುಗು ಮಾಡಿತು: ಪರಿಚಿತ ಬಾಯಲ್ಲಿ ಬೇರೆ ಯಾರದೋ ಮಾತು. ಮುಂದೆ ‘ರಂಗಿತರಂಗ’ (2015), ಆಮೇಲೆ ‘ಕಾಂತಾರ’ (2022), ಎರಡಕ್ಕೂ ಹಿನ್ನೆಲೆ ಸಂಗೀತ ಅಜನೀಶ್ ಲೋಕನಾಥ್ ಅವರದು. ‘ಕಾಂತಾರ’ದ ಕೊನೆಯಲ್ಲಿ ಜನ ನಡುಗಿದ್ದು ವಾದ್ಯಗಳ ರಾಶಿಗಲ್ಲ, ದೈವದ ಕೂಗಿಗೆ. ಒಂದೇ ಕಂಠ. ಬುಡಾಪೆಸ್ಟಿನ, ಪ್ರಾಗಿನ ವಾದ್ಯವೃಂದಗಳು ಇವತ್ತು ದುಡ್ಡು ಕೊಟ್ಟರೆ ಯಾರಿಗೂ ಸಿಗುತ್ತವೆ. ಆ ಕೂಗು ಅಲ್ಲಿ ಸಿಗುವುದಿಲ್ಲ.

ಕಿಲಾರನನ್ನು ಕೇಳಬೇಕೆನ್ನಿಸಿದವರು ‘ಡ್ರಾಕುಲಾ’ದ ಮೊದಲ ಭಾಗದಿಂದಲೇ ಶುರುಮಾಡಿ. ದಯವಿಟ್ಟು ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಬೇಡ. ಡಬಲ್ ಬಾಸಿನ ತಳದ ಸ್ವರಗಳನ್ನು ಅದು ನುಂಗಿಬಿಡುತ್ತದೆ, ಹೆದರಿಸುವವನೇ ಗೈರುಹಾಜರಾದಂತೆ.